ಕಂಬಕ್ಕೆ ಹೇಳುತ್ತಿದ್ದ ಮಾತು

ನಿವೃತ್ತಿಗೆ ಇನ್ನೆರಡು ವರ್ಷ ಇದೆ ಅನ್ನುವಾಗ ನನ್ನನ್ನೂ ಸೇರಿಸಿ ಒಂದಷ್ಟು ನರ್ಸುಗಳನ್ನು ಕೊಳ್ಳೇಗಾಲದ ಒಂದು ಹಾಲ್‌ನಲ್ಲಿ ಕೂರಿಸಿ ತರಬೇತಿ ಕೊಟ್ಟರು. ಕಷ್ಟದ ಮಾತುಗಳನ್ನು ಆಡುವುದು ಹೇಗೆ ಎಂಬುದು ವಿಷಯ. ಹೇಳಿಕೊಡಲು ಬಂದಿದ್ದ ಹುಡುಗನಿಗೆ ನನ್ನ ಮಗನಷ್ಟೂ ವಯಸ್ಸಿರಲಿಲ್ಲ. ಮೊದಲು ಉಸಿರು ಎಳೆದುಕೊಳ್ಳಿ ಅಂದ. ಎದುರಿಗಿರುವವರ ಕಣ್ಣು ನೋಡಿ ಅಂದ. 'ನೀವು ಹೀಗೆ ಮಾಡಿದಿರಿ' ಅನ್ನಬೇಡಿ, 'ನನಗೆ ಹೀಗನ್ನಿಸಿತು' ಅನ್ನಿ ಅಂದ. ಒಬ್ಬರನ್ನೊಬ್ಬರು ಎದುರುಬದುರು ಕೂರಿಸಿ ಆಟ ಆಡಿಸಿದ. ನನ್ನ ಜೋಡಿಯಾಗಿ ಸಿಕ್ಕ ಯಳಂದೂರಿನ ನರ್ಸಮ್ಮ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮಧ್ಯಾಹ್ನ ಪಲಾವು, ಮೊಸರುಬಜ್ಜಿ ಆಯಿತು. ಸಂಜೆ ಮುಗಿಸುವ ಮುಂಚೆ ಅವನು ನನ್ನನ್ನು ಎಬ್ಬಿಸಿ ನಿಲ್ಲಿಸಿದ.

"ಮೇಡಂ, ನೀವು ಸೀನಿಯರ್. ನಿಮ್ಮ ಅನುಭವದಲ್ಲಿ ಕಷ್ಟದ ಮಾತು ಆಡೋಕೆ ಒಳ್ಳೇ ಸಮಯ ಯಾವುದು?"

"ಎದುರಿಗಿರೋರ ತಟ್ಟೇಲಿ ಮುದ್ದೆ ಇರೋವಾಗ," ಅಂದೆ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗನೂ ನಕ್ಕು, ಚಪ್ಪಾಳೆ ತಟ್ಟಿಸಿ, ನನ್ನ ಕೈಗೊಂದು ಸರ್ಟಿಫಿಕೇಟ್ ಕೊಟ್ಟು ಕಳಿಸಿದ. ನಾನು ತಮಾಷೆ ಮಾಡಿರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಕಲಿತದ್ದನ್ನೇ ಹೇಳಿದ್ದೆ. ಅದನ್ನು ಕಲಿಯದೇ ಹೋಗಿದ್ದರೆ ನಾನು ನರ್ಸೂ ಆಗುತ್ತಿರಲಿಲ್ಲ, ಆ ಹಾಲ್‌ನಲ್ಲಿ ಪಲಾವೂ ತಿನ್ನುತ್ತಿರಲಿಲ್ಲ.

ನಮ್ಮ ಮನೆತನ ಎಲ್ಲಿಂದ ಬಂತು, ಮೂಲಪುರುಷ ಯಾರು ಎಂಬುದನ್ನೆಲ್ಲ ನಾನು ಬರೆಯುವುದಿಲ್ಲ. ಅದನ್ನು ಹೇಳುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕಾಗಿರುವುದು ಒಂದು ಕಂಬದ ವಿಷಯ. ಯಳಂದೂರಿಗೂ ಕೊಳ್ಳೇಗಾಲಕ್ಕೂ ನಡುವೆ, ಬಸ್ಸು ಇಳಿದು ಗದ್ದೆ ಬಯಲಲ್ಲಿ ಒಂದು ಮೈಲಿ ನಡೆದರೆ ನಮ್ಮೂರು. ನಾಡಹೆಂಚಿನ ತೊಟ್ಟಿಮನೆ ನಮ್ಮದು. ನಡುವೆ ಆಕಾಶ ಕಾಣುವ ತೊಟ್ಟಿ, ಸುತ್ತ ಪಡಸಾಲೆ, ಬಲಕ್ಕೆ ದೇವರಕೋಣೆ, ಎಡಕ್ಕೆ ಅಡುಗೆಮನೆ, ಹೊರಗೆ ಜಗಲಿ. ತೊಟ್ಟಿಯ ನಾಲ್ಕು ಮೂಲೆಗೆ ನಾಲ್ಕು ಮರದ ಕಂಬ. ಮೂರು ಕಂಬಗಳಿಗೆ ಮಾಡು ಹೊರುವುದೊಂದೇ ಕೆಲಸ. ಅಡುಗೆಮನೆ ಬಾಗಿಲ ಪಕ್ಕದ ನಾಲ್ಕನೆಯ ಕಂಬಕ್ಕೆ ಮಾತ್ರ ಎರಡು ಕೆಲಸ. ಅದು ಮಾಡನ್ನೂ ಹೊರಬೇಕಿತ್ತು, ನಮ್ಮ ಮನೆಯ ಹೆಂಗಸರ ಮಾತನ್ನೂ ಹೊರಬೇಕಿತ್ತು. ಅವ್ವ, ದೊಡ್ಡವ್ವ ಕೈಯಿಟ್ಟು ಒರಗಿ ಒರಗಿ ಆ ಕಂಬದ ನಡು ಎಣ್ಣೆ ತಿಕ್ಕಿದ ಹಾಗೆ ಮಿನುಗುತ್ತಿತ್ತು.

ಕಾರಣ ಇಷ್ಟೆ. ದೊಡ್ಡಪ್ಪ ಮನೆಯ ಯಜಮಾನರು, ಅಪ್ಪನ ಅಣ್ಣ, ಅವ್ವನಿಗೆ ಭಾವ. ತಮ್ಮನ ಹೆಂಡತಿಯಾದವಳು ಭಾವನ ಎದುರು ನಿಲ್ಲಬಾರದು, ಮುಖ ಕೊಟ್ಟು ಮಾತಾಡಬಾರದು. ಮದುವೆಯಾಗಿ ಬಂದ ದಿನದಿಂದ ಅವ್ವ ದೊಡ್ಡಪ್ಪನಿಗೆ ನೇರವಾಗಿ ಒಂದು ಮಾತನ್ನೂ ಆಡಿರಲಿಲ್ಲ. ಹದಿನೈದು ವರ್ಷ ಒಂದೇ ಸೂರಿನ ಕೆಳಗೆ, ಒಂದೇ ಪಾತ್ರೆಯ ಸಾರು ಉಂಡು! ಹೇಳಲೇಬೇಕಾದದ್ದು ಏನಾದರೂ ಇದ್ದರೆ ಆ ಕಂಬದ ಮರೆಗೆ ಬಂದು, ಸೆರಗು ಹೊದ್ದು, ಕಂಬಕ್ಕೇ ಹೇಳುತ್ತಿದ್ದಳು.

"ತೊಗರಿಬೇಳೆ ಮುಗ್ದೋಗದ ಕಣಪ್ಪ ಕಂಬ. ನಾಳ್ಕೆ ಸಾರಿಗಿಲ್ಲ."

ಜಗಲಿಯಲ್ಲಿ ಕುಳಿತ ದೊಡ್ಡಪ್ಪ ತಲೆ ಎತ್ತುತ್ತಿರಲಿಲ್ಲ. ಆದರೆ ಸಂಜೆ ಹೊತ್ತಿಗೆ ಬೇಳೆಯ ಪೊಟ್ಟಣ ಅದೇ ಕಂಬದ ಬುಡದಲ್ಲಿ ಇರುತ್ತಿತ್ತು. ಬೇಳೆ, ಉಪ್ಪು, ಸೀಮೆಎಣ್ಣೆಯ ಮಟ್ಟಿಗೆ ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತಿತ್ತು. ಬೇಳೆಗಿಂತ ದೊಡ್ಡ ವಿಷಯ ಬಂದಾಗಲೇ ಅದರ ಬಣ್ಣ ಬಯಲಾಗುತ್ತಿದ್ದದ್ದು. ಕಂಬಕ್ಕೆ ಹೇಳಿದ ಮಾತಿಗೆ ಯಾರೂ ಉತ್ತರ ಕೊಡಬೇಕಾಗಿರಲಿಲ್ಲ. ಬೇಕಾದರೆ ಕೇಳಿಸಿಕೊಳ್ಳಬಹುದು, ಬೇಡವಾದರೆ ಕಂಬಕ್ಕೆ ಹೇಳಿದ್ದು ಎಂದು ಬಿಟ್ಟುಬಿಡಬಹುದು. ಹೇಳಿದವರಿಗೂ ಹೆದರಿಕೆ ಇಲ್ಲ. ಎದುರಿಗೆ ಆಡಲಾರದ ಎಂಥ ಮಾತನ್ನೂ ಕಂಬಕ್ಕೆ ಆಡಿಬಿಡಬಹುದು. ಅವ್ವ, ದೊಡ್ಡವ್ವ ಪರಸ್ಪರ ಮಾತಾಡುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಜಗಳ ಹತ್ತಿದರೆ ಅವರೂ ಕಂಬದ ಎರಡು ಪಕ್ಕ ನಿಂತು ಕಂಬಕ್ಕೇ ಬಯ್ಯುತ್ತಿದ್ದರು. ಒಮ್ಮೆ ಬೆಣ್ಣೆ ಕಾಯಿಸಿದ ಮೇಲೆ ತಳದಲ್ಲಿ ಉಳಿಯುವ ಗಸಿ ಯಾರಿಗೆ ಎಂದು ಶುರುವಾಯಿತು. ನಾನು ಸೌತೆಕಾಯಿ ಕಡಿಯುತ್ತ ತೊಟ್ಟಿಯ ಅಂಚಿನಲ್ಲಿ ಕುಳಿತು ನೋಡುತ್ತಿದ್ದೆ.

"ನೋಡ್ದಾ ಕಂಬ, ಮಗೀಗ್ ಮಡಗಿದ್ದ ಗಸೀನೂ ಬಳ್ಕಂಡು ತಿಂದವ್ರೆ," ಎಂದಳು ಅವ್ವ.

"ಗಸಿ ತಿಂದು ನಾನೇನ್ ಮಾಳಿಗೆ ಕಟ್ಟನಾ ಕಂಬ?" ಎಂದರು ದೊಡ್ಡವ್ವ.

"ಮಕ್ಳು ಹೆತ್ತಿದ್ರಲ್ವ ಮಕ್ಳ ಬಾಯಿ ಗೊತ್ತಾಗದು."

ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಅವರು ಹಿತ್ತಿಲಿಗೆ ಹೋಗಿ ಸೌದೆ ಒಟ್ಟಿದ್ದ ಮೂಲೆಯಲ್ಲಿ ಕುಳಿತುಬಿಟ್ಟರು. ಅವ್ವ ಕೆಟ್ಟವಳಲ್ಲ. ದೊಡ್ಡವ್ವನ ಮುಖ ನೋಡಿಕೊಂಡು ಆ ಮಾತನ್ನು ಅವಳು ಈ ಜನ್ಮದಲ್ಲಿ ಆಡುತ್ತಿರಲಿಲ್ಲ. ಕಂಬ ಇತ್ತಲ್ಲ, ಆಡಿದಳು. ಅದಕ್ಕೇ ಯಾರಾದರೂ ಹಳೆಯ ಕಾಲದ ಮನೆಗಳಲ್ಲಿ ಎಷ್ಟು ಚೆಂದ ಮರ್ಯಾದೆ ಇತ್ತು ಎಂದು ಕಣ್ಣು ಅರಳಿಸಿ ಹೇಳುವಾಗ ನನಗೆ ಸಿಟ್ಟು ನೆತ್ತಿಗೇರುತ್ತದೆ. ಆ ಮರ್ಯಾದೆಯ ನೆರಳಿನಲ್ಲಿ ಏನೇನು ನಡೆಯುತ್ತಿತ್ತೆಂದು ನಾನು ತೊಟ್ಟಿಯ ಅಂಚಿನಲ್ಲಿ ಕುಳಿತು ಕಣ್ಣಾರೆ ಕಂಡಿದ್ದೇನೆ.

ದೊಡ್ಡಪ್ಪನೂ ದುಷ್ಟರೇನಲ್ಲ. ಊರವರ ಜಗಳಗಳೆಲ್ಲ ನಮ್ಮ ಜಗಲಿಗೆ ಬರುತ್ತಿದ್ದವು. ಬದುವಿನ ತಕರಾರು, ನೀರಿನ ಸರದಿ, ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರು ಯಾರದೋ ಬೇಲಿ ಮುರಿದದ್ದು, ಎಲ್ಲವನ್ನೂ ತಾಳ್ಮೆಯಿಂದ ಕೇಳಿ ತೀರ್ಮಾನ ಹೇಳುತ್ತಿದ್ದರು. ಹೊರಗಿನವರ ಮುಂದೆ ಅಷ್ಟು ನೇರ ಮಾತಾಡುವ ಮನುಷ್ಯ ಮನೆಯೊಳಗೆ ಮಾತು ಸ್ವಲ್ಪ ಬಿಗಿಯಾಯಿತು ಅನ್ನಿಸಿದ ಕೂಡಲೇ ಎದ್ದುಬಿಡುತ್ತಿದ್ದರು. ಹೆಗಲ ಮೇಲಿನ ಟವೆಲನ್ನು ಒಂದು ಸಲ ಫಟ್ಟೆಂದು ಒದರಿ, ಮತ್ತೆ ಹೆಗಲಿಗೆ ಹಾಕಿ, ಗದ್ದೆಯ ಕಡೆ ಹೊರಟರೆ ಮುಗಿಯಿತು. ಎದ್ದು ಹೋಗುವುದರಲ್ಲಿ ಅವರಂಥ ನಿಸ್ಸೀಮರನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಡಾಕ್ಟರುಗಳ ನಡುವೆ ಮೂವತ್ತೈದು ವರ್ಷ ಕೆಲಸ ಮಾಡಿದವಳು ಈ ಮಾತು ಹೇಳುತ್ತಿದ್ದೇನೆ.

ನಾನು ಏಳನೆಯ ತರಗತಿ ಪಾಸಾದ ವರ್ಷ ಆ ಕಂಬದ ಬಳಿಗೆ ನನ್ನ ವಿಷಯವೇ ಬಂತು. ನಮ್ಮೂರಲ್ಲಿ ಏಳರವರೆಗೆ ಮಾತ್ರ ಶಾಲೆ. ಮುಂದೆ ಓದಬೇಕಾದರೆ ಬಸ್ಸಿನಲ್ಲಿ ಯಳಂದೂರಿಗೆ ಹೋಗಬೇಕು. ನನ್ನ ಟಿ.ಸಿ.ಯನ್ನು ದೊಡ್ಡಪ್ಪನೇ ಹೋಗಿ ಮೇಷ್ಟ್ರಿಂದ ಇಸಿದುಕೊಂಡು ಬಂದು ತಮ್ಮ ಮರದ ಪೆಟ್ಟಿಗೆಯೊಳಗಿಟ್ಟರು. ಹೈಸ್ಕೂಲಿಗೆ ಸೇರಿಸುವುದಕ್ಕೇ ತಂದರು ಎಂದುಕೊಂಡು ನಾನು ನಾಲ್ಕು ದಿನ ಕುಣಿದಾಡಿದೆ. ಐದನೆಯ ದಿನ ಜಗಲಿಯಲ್ಲಿ ಅವರು ಅಪ್ಪನಿಗೆ ಹೇಳಿದ್ದು ಕಿವಿಗೆ ಬಿತ್ತು.

"ಅಜ್ಜೀಪುರದಲ್ಲಿ ಇವಳ ತಂಗಿ ಹೆತ್ತವ್ಳೆ. ಮನೇಲಿ ಹೆಣ್ ದಿಕ್ಕಿಲ್ಲ. ಮಂಗ್ಳೀನ ಕಳ್ಸಮ. ಮಗೀನ್ ಎತ್ಕಂಡಿರ್ತಾಳೆ. ಒಂದೊರ್ಷ ಬುಟ್ರೆ ಇಸ್ಕೂಲೇನ್ ಓಡೋಯ್ತದಾ?"

"ಉಂ," ಎಂದ ಅಪ್ಪ.

ಇವಳು ಎಂದರೆ ದೊಡ್ಡವ್ವ, ಮಂಗ್ಳಿ ಎಂದರೆ ನಾನು. ಹನೂರು ದಾಟಿ ಅಜ್ಜೀಪುರದಲ್ಲಿದ್ದ ಅವರ ತಂಗಿಗೆ ಎರಡು ಮಕ್ಕಳು ಕೈಗೆ ಹತ್ತದೆ ಹೋಗಿ, ಮೂರನೆಯದು ಉಳಿದಿತ್ತು. ಅವರ ಕಷ್ಟ ನಿಜವಾದದ್ದೇ. ಅದನ್ನು ನಾನು ಆಗಲೂ ಅಲ್ಲ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ. ಆದರೆ ನಮ್ಮೂರಿನಲ್ಲಿ ಒಂದು ವರ್ಷಕ್ಕೆಂದು ಮಗು ಎತ್ತಿಕೊಳ್ಳಲು ಹೋದ ಹುಡುಗಿಯರನ್ನು ನಾನು ನೋಡಿದ್ದೆ. ಅವರಲ್ಲಿ ಒಬ್ಬಳೂ ಮತ್ತೆ ಶಾಲೆಯ ಹೊಸ್ತಿಲು ತುಳಿದಿರಲಿಲ್ಲ. ಮಗು ನಡೆಯಲು ಕಲಿಯುವಷ್ಟರಲ್ಲಿ ಇನ್ನೊಂದು ಮಗು ಬಂದಿರುತ್ತಿತ್ತು, ಆಮೇಲೆ ಅವಳ ಮದುವೆಯೇ ಬಂದಿರುತ್ತಿತ್ತು.

ಅವ್ವ ಅವತ್ತೇ ಕಂಬ ಹಿಡಿದಳು. ಏಳನೇ ಕ್ಲಾಸಿನಲ್ಲಿ ಹುಡುಗಿ ಮೊದಲು ಬಂದವ್ಳೆ ಅಂತ ಮೇಷ್ಟ್ರೇ ಹೇಳವ್ರೆ ಎಂದಳು. ಟವೆಲು ಒದರಿತು. ಮರುದಿನ, ನಂಗಂತೂ ಓದು ಹತ್ನಿಲ್ಲ, ಅವಳ್ಗಾರ ಹತ್ಲಿ ಎಂದಳು. ಟವೆಲು ಒದರಿತು. ಯಳಂದೂರಲ್ಲಿ ಸೇರ್ಸಕೆ ಸೋಮಾರದ ಗಂಟ ಮಾತ್ರವಂತೆ ಎಂದಳು. ದೊಡ್ಡಪ್ಪ ಟವೆಲನ್ನೂ ಮರೆತು ಹೋದರು, ಆಮೇಲೆ ಅದನ್ನು ನನ್ನ ಕೈಲಿ ತರಿಸಿಕೊಂಡರು. ಎಂಟು ದಿನ ಇದೇ ಆಯಿತು. ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದ ಅವ್ವನ ಬಳಿ ಹೋಗಿ ಕುಕ್ಕರಗಾಲಲ್ಲಿ ಕುಳಿತೆ.

"ಎದ್ರುಗೋಗಿ ಯೋಳವ್ವ."

"ಭಾವುನ್ ಎದ್ರು ನಿಂತು ಮಾತಾಡಕಾದದಾ? ಊರೋರು ಕೇಳುದ್ರೆ ಏನಂದಾರು?"

"ಕಂಬಕ್ ಯೋಳುದ್ರೆ ಕಂಬ ಟಿ.ಸಿ. ತಂದ್ಕೊಟ್ಟದಾ?"

ಅವ್ವ ಬೂದಿಗೈಯಲ್ಲೇ ನನ್ನ ಬೆನ್ನಿಗೊಂದು ಹಾಕಿದಳು. ಆಮೇಲೆ ಅದೇ ಕೈಯಿಂದ ಕಣ್ಣೊರೆಸಿಕೊಂಡು ಮುಖವೆಲ್ಲ ಬೂದಿ ಮಾಡಿಕೊಂಡಳು. ಗದ್ದೆಗೆ ನೀರು ಕಟ್ಟುತ್ತಿದ್ದ ಅಪ್ಪನ ಬಳಿಗೂ ಹೋದೆ. ಗುದ್ದಲಿಯ ಕಾವಿಗೆ ಗಲ್ಲ ಊರಿ ಅವನು ನನ್ನನ್ನೇ ಸ್ವಲ್ಪ ಹೊತ್ತು ನೋಡಿದ.

"ಅಣ್ಣ ಒಪ್ಕಂಡ್ ಬಂದವ್ರೆ ಕಣವ್ವ. ನಾನೇನ್ ಮಾಡನಿ?"

ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗದ್ದೆಯೆಲ್ಲ ಸುತ್ತಿಸಿದವನು. ನನಗೆ ಜ್ವರ ಬಂದರೆ ತಾನೂ ಉಣ್ಣದೆ ಕೂರುತ್ತಿದ್ದವನು. ಆ ಪ್ರೀತಿಯನ್ನೆಲ್ಲ ಲೆಕ್ಕಕ್ಕೆ ಹಿಡಿದೂ ಹೇಳುತ್ತೇನೆ, ಆ ಒಂದು ಮಾತಿಗೆ ನಾನು ಅವನನ್ನು ಇನ್ನೂ ಕ್ಷಮಿಸಿಲ್ಲ. ಅವನು ತೀರಿಕೊಂಡು ಎಷ್ಟೋ ವರ್ಷವಾಯಿತು. ಕ್ಷಮಿಸುವ ಆತುರವೇನೂ ನನಗಿಲ್ಲ.

ದೊಡ್ಡವ್ವ ಮುಂದಾಗಿ ಅಜ್ಜೀಪುರಕ್ಕೆ ಹೋದರು. ಸೋಮವಾರ ಬೆಳಿಗ್ಗೆ ಅಪ್ಪ ನನ್ನನ್ನು ಕರೆದುಕೊಂಡು ಬರಬೇಕೆಂದು ಹೇಳಿಹೋದರು. ಯಳಂದೂರಿನ ಶಾಲೆಗೆ ಸೇರಲು ಕಡೆಯ ದಿನವೂ ಅದೇ ಸೋಮವಾರ. ನನ್ನ ಎರಡು ಲಂಗ, ಒಂದು ಸ್ವೆಟರು, ಬಾಚಣಿಗೆ ತುಂಬಿದ ಬಟ್ಟೆಚೀಲ ಭಾನುವಾರವೇ ಜಗಲಿಯ ಗೂಟಕ್ಕೆ ನೇತಾಡುತ್ತಿತ್ತು. ನಾನು ಅದನ್ನೇ ನೋಡುತ್ತ ಕುಳಿತು ಯೋಚಿಸಿದೆ. ದೊಡ್ಡಪ್ಪ ಎದ್ದು ಹೋಗಲು ಆಗದೇ ಇರುವ ಹೊತ್ತು ಯಾವುದು? ಜಗಲಿಯಿಂದ ಏಳುತ್ತಾರೆ. ಪೂಜೆಯ ಹೊತ್ತಿನಲ್ಲಿ ದೇವರಕೋಣೆಗೆ ಯಾರೂ ಹೋಗುವ ಹಾಗಿಲ್ಲ. ಉಳಿದದ್ದು ಊಟ.

ದೊಡ್ಡಪ್ಪನ ಊಟದ ಕ್ರಮ ತಿಳಿಯದವರಿಗೆ ಇದು ಅರ್ಥವಾಗುವುದಿಲ್ಲ. ಸ್ನಾನ ಮಾಡಿ, ಹಣೆಗೆ ತೋಳಿಗೆ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿ ಅವರು ಮಣೆಯ ಮೇಲೆ ಕುಳಿತರೆ ತಟ್ಟೆಗೆ ಬಿದ್ದದ್ದೆಲ್ಲ ಪ್ರಸಾದ. ಪ್ರಸಾದವನ್ನು ಒಂದು ಅಗುಳೂ ಬಿಡುವ ಹಾಗಿಲ್ಲ, ಅರ್ಧಕ್ಕೆ ಬಿಟ್ಟು ಏಳುವ ಹಾಗಿಲ್ಲ. ಎಲ್ಲ ಮುಗಿದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿಂದ ತೊಳೆದು, ಆ ನೀರನ್ನೂ ಕುಡಿದು ಏಳಬೇಕು. ಹಿಂದಿನ ವರ್ಷ ಕಣದಲ್ಲಿ ಹುಲ್ಲಿನ ಮೆದೆಗೆ ಬೆಂಕಿ ಬಿದ್ದಿದೆ ಎಂದು ಊರೆಲ್ಲ ಕೂಗಿಕೊಂಡು ಓಡುವಾಗಲೂ ದೊಡ್ಡಪ್ಪ ತಟ್ಟೆ ತೊಳೆದು ಕುಡಿದೇ ಎದ್ದಿದ್ದರು. ಮೆದೆ ಸುಟ್ಟು ಬೂದಿಯಾಯಿತು, ಅವರ ನೇಮ ಉಳಿಯಿತು. ಆ ನೇಮವನ್ನು ನಂಬಿಕೊಂಡು ನಾನು ಹೊರಟೆ.

ಅವತ್ತು ಮುದ್ದೆ, ಹುರುಳಿಕಾಳಿನ ಉಪ್ಪೆಸರು. ದೊಡ್ಡವ್ವ ಇಲ್ಲದ್ದರಿಂದ ಅವ್ವನೇ ಬಡಿಸಬೇಕು. ಸೆರಗನ್ನು ಮುಖದ ಮುಂದಕ್ಕೆ ಎಳೆದುಕೊಂಡು ಬಂದು, ಬಡಿಸಿ, ಕಂಬದ ಹಿಂದೆ ನಿಂತಳು. ದೊಡ್ಡಪ್ಪ, ಪಕ್ಕದಲ್ಲಿ ಅಪ್ಪ. ದೊಡ್ಡಪ್ಪ ಮೊದಲ ತುತ್ತು ಮುರಿಯುವುದನ್ನೇ ಕಾದಿದ್ದು, ನಾನು ಹೋಗಿ ಅವರ ತಟ್ಟೆಯ ಎದುರಿಗೆ ಕುಳಿತೆ.

"ದೊಡ್ಡಪ್ಪ, ನಾ ಅಜ್ಜೀಪುರಕ್ ಓಗಕಿಲ್ಲ. ನನ್ ಟಿ.ಸಿ. ಕೊಡಿ. ನಾ ಓದ್ಬೇಕು."

ಅಪ್ಪನ ಕೈ ಅಲ್ಲೇ ನಿಂತಿತು. ದೊಡ್ಡಪ್ಪ ಅಭ್ಯಾಸದಂತೆ ಟವೆಲಿಗೆ ಕೈ ಹಾಕಿದರು. ಹಾಕಿದ ಕೈ ಎಂಜಲು. ತಟ್ಟೆಯಲ್ಲಿ ಮುಕ್ಕಾಲು ಮುದ್ದೆ. ಅವರು ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಏನು ಮಾಡಿದ್ದೇನೆ ಎಂಬುದು ಅವರಿಗೆ ಗೊತ್ತಾಯಿತು. ಬೇಗ ಬೇಗ ನುಂಗತೊಡಗಿದರು. ಮುದ್ದೆ ಅರ್ಧಕ್ಕೆ ಬಂತು, ಕಾಲಿಗೆ ಬಂತು. ನನಗೆ ಅಳು ಒತ್ತಿ ಬಂತು. ಇನ್ನು ನಾಲ್ಕು ತುತ್ತಿಗೆ ಅವರು ಎದ್ದು ಹೋಗುತ್ತಾರೆ, ನನ್ನ ಚೀಲ ಗೂಟದಲ್ಲಿ ಸಿದ್ಧವಾಗಿದೆ.

ಅಷ್ಟರಲ್ಲಿ ಬಳೆಯ ಸದ್ದಾಯಿತು. ಅವ್ವ ಬಂದು ದೊಡ್ಡಪ್ಪನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು, ಇಡೀ ಮುದ್ದೆ. ಮೇಲೆ ಎರಡು ಸೌಟು ಉಪ್ಪೆಸರು ಸುರಿದಳು.

"ಸಾಕು, ಸಾಕು!" ಎಂದರು ದೊಡ್ಡಪ್ಪ.

ಭಾವನ ಮಾತಿಗೆ ಉತ್ತರ ಕೊಡುವ ಹಾಗಿಲ್ಲವಲ್ಲ. ಅವ್ವ ಮೂರನೆಯ ಸೌಟನ್ನೂ ಹಾಕಿದಳು. ನನಗೆ ಅಳು ಎಲ್ಲಿ ಹೋಯಿತೋ, ನಗು ಬಂದುಬಿಟ್ಟಿತು. ಹಲ್ಲು ಕಚ್ಚಿ ತಡೆದೆ. ಅಪ್ಪ ತಲೆ ಬಗ್ಗಿಸಿ ಹುರುಳಿಕಾಳು ಎಣಿಸುತ್ತಿದ್ದ. ದೊಡ್ಡಪ್ಪ ಹೊಸ ಮುದ್ದೆಯನ್ನು ನೋಡುತ್ತ ದೊಡ್ಡ ಉಸಿರು ಬಿಟ್ಟರು.

"ನಿಮ್ಮವ್ವ ಏನಂತಾಳೆ, ಕೇಳು," ಎಂದರು ನನಗೆ.

"ಅಲ್ಲೇ ನಿಂತವ್ಳೆ. ನೀವೇ ಕೇಳಿ."

ಅದು ತಲೆಹರಟೆ ಮಾತು, ಒಪ್ಪುತ್ತೇನೆ. ಆ ಕಡೆಯ ಮಾತನ್ನು ಈ ಕಡೆಗೆ ಹೊರುವ ಕೆಲಸ ನಾನು ಹುಟ್ಟಿದಾಗಿನಿಂದ ಮಾಡಿದ್ದೆ. ಅವತ್ತು ಅದನ್ನು ಕೆಳಗಿಟ್ಟೆ. ತೊಟ್ಟಿಗೆ ಬಂದ ಗುಬ್ಬಿಯೊಂದು ಅನ್ನದ ಅಗುಳು ಎತ್ತಿಕೊಂಡು ಹಾರಿಹೋಯಿತು. ಆಮೇಲೆ ಅವ್ವ ಕಂಬದ ಮರೆಯಿಂದ ಈಚೆಗೆ ಬಂದಳು. ಸೆರಗು ತಲೆಯ ಮೇಲೆಯೇ ಇತ್ತು, ಮುಖದ ಮೇಲಿರಲಿಲ್ಲ.

"ಭಾವ, ಮಗೀನ ಕಳ್ಸಕಿಲ್ಲ."

ದೊಡ್ಡಪ್ಪ ಅವಳ ಕಡೆ ನೋಡಲಿಲ್ಲ. ತಟ್ಟೆಗೇ ಹೇಳಿದರು.

"ಮಾತ್ ಕೊಟ್ ಬಂದಿವ್ನಿ. ಮನೇಲಿ ಯಾರೂ ಬ್ಯಾಡ ಅನ್ನನಿಲ್ಲ."

"ಎಂಟ್ ದಿನದಿಂದ ಅಂತಾವ್ನಿ."

"ಕಂಬಕ್ ಅಂದೆ. ನಂಗನ್ನನಿಲ್ಲ."

"ಆಗ್ಲಿ. ಈಗ ನಿಮ್ಗೇ ಅಂತಾವ್ನಿ. ಅಕ್ಕಯ್ಯನ ತಂಗಿ ಮಗ ಚೆಂದಾಗಿರ್ಲಿ. ಬೇಕಾದ್ರೆ ನಾನೇ ಓಗಿ ಮೂರ್ ತಿಂಗ್ಳು ಬಾಣಂತನ ಮಾಡ್ಬತ್ತೀನಿ. ನನ್ ಮಗಳ್ನ ಕಳ್ಸಕಿಲ್ಲ."

ಕೆಳಗೆ ಕುಳಿತಿದ್ದೆನಲ್ಲ, ಅವಳ ಕಾಲುಂಗುರ ನೆಲಕ್ಕೆ ಬಡಿಯುವುದು ಕೇಳುತ್ತಿತ್ತು. ಆದರೂ ಹಿಂದೆ ಸರಿಯಲಿಲ್ಲ, ಕಂಬಕ್ಕೆ ಕೈಯನ್ನೂ ಊರಲಿಲ್ಲ. ದೊಡ್ಡಪ್ಪ ಆ ಎರಡನೆಯ ಮುದ್ದೆಯನ್ನು ಪೂರ್ತಿ ಉಂಡರು. ಅಷ್ಟು ಉದ್ದದ ಊಟವನ್ನು ನಾನು ನನ್ನ ಜೀವಮಾನದಲ್ಲಿ ನೋಡಿಲ್ಲ. ತಟ್ಟೆ ತೊಳೆದು ಕುಡಿದರು. ಕೈ ತೊಳೆದು, ಟವೆಲಿಗೆ ಒರೆಸಿಕೊಂಡು, ಕೋಣೆಗೆ ಹೋಗಿ ಪೆಟ್ಟಿಗೆ ತೆಗೆದ ಸದ್ದಾಯಿತು. ಹೊರಗೆ ಬಂದು ನನ್ನ ಟಿ.ಸಿ.ಯನ್ನು ಕಂಬದ ಬುಡದಲ್ಲಿ ಇಟ್ಟರು, ಬೇಳೆಯ ಪೊಟ್ಟಣ ಇಡುತ್ತಿದ್ದ ಹಾಗೆ.

"ಮಡಗಿವ್ನಿ. ಬೇಕಾದೋರು ತಕ್ಕಳಿ."

ನಾನು ಹಾರಿಬಿದ್ದು ಓಡಿದೆ. ಇನ್ನೇನು ಬಗ್ಗಿ ಎತ್ತಿಕೊಳ್ಳಬೇಕು, ಅವ್ವ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದಳು.

"ಮುಟ್ಬ್ಯಾಡ." ದೊಡ್ಡಪ್ಪನ ಕಡೆ ತಿರುಗಿದಳು. "ಭಾವ, ಅವಳ್ ಕೈಗ್ ಕೊಡಿ."

ನನಗೆ ಅವ್ವನ ಮೇಲೆ ಕೆಟ್ಟ ಕೋಪ ಬಂತು. ಸಿಕ್ಕಿತಲ್ಲ, ಇನ್ನೇನು ಬೇಕು ಇವಳಿಗೆ? ಅವರ ಮನಸ್ಸು ತಿರುಗಿಬಿಟ್ಟರೆ? ಅವ್ವ ಹಿಡಿದ ಜಡೆ ಬಿಡಲಿಲ್ಲ. ಅವಳಿಗೆ ಏನು ಬೇಕಿತ್ತು ಎಂಬುದು ತಿಳಿಯಲು ನನಗೆ ಎಷ್ಟೋ ವರ್ಷ ಹಿಡಿಯಿತು. ಆ ಕಾಗದ ಬುಡದಿಂದ ಎತ್ತಿಕೊಂಡದ್ದಾಗಿದ್ದರೆ ನಾನು ಅದನ್ನು ಕದ್ದುಕೊಂಡು ಹೋದ ಹಾಗಾಗುತ್ತಿತ್ತು. ದೊಡ್ಡಪ್ಪ ಕೊಟ್ಟದ್ದೂ ಅಲ್ಲ, ಕೊಡದೇ ಇದ್ದದ್ದೂ ಅಲ್ಲ. ಮುಂದೆ ಒಂದು ದಿನ ನಾನೇನು ಕಳಿಸಿದೆನೇ ಎಂದು ಟವೆಲು ಒದರಬಹುದಿತ್ತು. ದೊಡ್ಡಪ್ಪ ಮೊದಲ ಸಲ ಅವ್ವನ ಮುಖ ನೋಡಿದರು. ಬಗ್ಗಿದರು. ಸೊಂಟ ಹಿಡಿದುಕೊಂಡು ನಿಧಾನವಾಗಿ ಕಾಗದ ಎತ್ತಿ, ಅದಕ್ಕೆ ಹತ್ತಿದ್ದ ಧೂಳನ್ನು ಊದಿ, ನನ್ನ ಕೈಗೆ ಕೊಟ್ಟರು.

"ಓದವ್ವ," ಎಂದರು.

ಮರುದಿನ ಅಪ್ಪ ಯಳಂದೂರಿಗೆ ನಾನೂ ಬತ್ತೀನಿ ಎಂದು ಅಂಗಿ ಹಾಕಿಕೊಂಡ. ಬ್ಯಾಡ ಎಂದಳು ಅವ್ವ. ಗಂಡಸರಿಲ್ಲದೆ ಬಸ್ಸು ಹತ್ತದವಳು ಇನ್ನೂ ತೊಟ್ಟಿಲಲ್ಲಿದ್ದ ನನ್ನ ತಮ್ಮ ಮಾದೇವನನ್ನು ಸೊಂಟಕ್ಕೇರಿಸಿಕೊಂಡು ನನ್ನ ಕೈ ಹಿಡಿದು ಹೊರಟಳು. ದೊಡ್ಡಪ್ಪ ಅದೇ ಬೆಳಿಗ್ಗೆ ಅಜ್ಜೀಪುರಕ್ಕೆ ಹೋದರು. ಸಂಜೆ ನಾನು ಹೊಸ ಪುಸ್ತಕಗಳ ಪಟ್ಟಿ ಹಿಡಿದು ಬಂದಾಗ ಅವರು ಜಗಲಿಯಲ್ಲಿ ಕುಳಿತು ಚೊಂಬಿನ ನೀರನ್ನೆಲ್ಲ ಗಟಗಟ ಕುಡಿಯುತ್ತಿದ್ದರು.

"ಎದ್ರುಗೇ ಯೋಳ್ ಬಂದೆ ಕಣವ್ವ, ಉಡ್ಗಿ ಬರಕಿಲ್ಲ ಅಂತ. ಇನ್ನೂವೆ ಕೈ ನಡುಗ್ತಾವೆ ನೋಡು."

ನಿಜವಾಗಿಯೂ ನಡುಗುತ್ತಿದ್ದವು. ಊರಿನ ಜಗಳಗಳನ್ನೆಲ್ಲ ಬಗೆಹರಿಸಿದ ಕೈ. ಅವತ್ತು ಅವರ ಮೇಲೆ ನನಗೆ ಹುಟ್ಟಿದ ಪ್ರೀತಿ ಅವರು ಸಾಯುವವರೆಗೂ ಕಡಿಮೆಯಾಗಲಿಲ್ಲ.

ಎಲ್ಲವೂ ಸುಖವಾಗಿ ಮುಗಿಯಿತು ಎಂದು ನಾನು ಸುಳ್ಳು ಬರೆಯುವುದಿಲ್ಲ. ದೊಡ್ಡವ್ವ ತಿಂಗಳು ಬಿಟ್ಟು ಬಂದರು. ಬಂದವರೇ ಕಂಬದ ಪಕ್ಕ ನಿಂತು, ನನ್ ತಂಗಿ ಒಬ್ಬಳೇ ಏಗಿ ಸಾಯ್ಲಿ ಅಂದ್ರು ನೋಡ್ದಾ ಕಂಬ ಎಂದು ದಿನಾ ಮೂರು ಹೊತ್ತು ಶುರುಮಾಡಿದರು. ಒಂದು ವಾರ ತಡೆದ ಅವ್ವ ಒಂದು ದಿನ ಕೈಲಿದ್ದ ಮೊರ ಕೆಳಗಿಟ್ಟು ಕಂಬಕ್ಕೂ ಅವರಿಗೂ ನಡುವೆ ಹೋಗಿ ನಿಂತಳು.

"ಅಕ್ಕಯ್ಯ, ಕಂಬಕ್ಕಲ್ಲ. ನಂಗ್ ಬಯ್ಯಿ."

ದೊಡ್ಡವ್ವ ಬಯ್ದರು. ಬಾಯಿ ಒಣಗುವವರೆಗೆ ಬಯ್ದರು. ಗಸಿಯ ದಿನ ಅಂದ ಮಾತೂ ಬಂತು, ಅದಕ್ಕಿಂತ ಹಿಂದಿನವೂ ಬಂದವು. ಅವ್ವ ಕೆಲವಕ್ಕೆ ತಪ್ಪಾಯ್ತು ಎಂದಳು, ಕೆಲವಕ್ಕೆ ಅದು ನಿಮ್ದೇ ತಪ್ಪು ಎಂದಳು. ಜಗಳ ಆಮೇಲೂ ನಿಲ್ಲಲಿಲ್ಲ. ಆದರೆ ಆ ಮನೆಯಲ್ಲಿ ಬಯ್ಗುಳಕ್ಕೆ ಉತ್ತರ ಬರತೊಡಗಿತು. ನನ್ನನ್ನು ರೂಪಿಸಿದ್ದು ಯಾವುದು ಎಂದು ಯಾರಾದರೂ ಕೇಳಿದರೆ ಶಾಲೆ ಎಂದು ಹೇಳುವುದು ಸುಲಭ. ನಾನು ಆ ಎರಡನೆಯ ಮುದ್ದೆ ಅನ್ನುತ್ತೇನೆ.

ಆಸ್ಪತ್ರೆಗೆ ಸೇರಿದ ಮೇಲೆ ನೋಡಿದೆ, ಎಲ್ಲರ ಬಳಿಯೂ ಒಂದೊಂದು ಕಂಬ ಇದೆ. ರ‍್ಯಾಂಕ್ ಪಡೆದ ಡಾಕ್ಟರು ಸಾಯುವವನ ಹೆಂಡತಿಗೆ ಹೇಳಬೇಕಾದ್ದನ್ನು ಗ್ಲೂಕೋಸ್ ಬಾಟಲಿಗೆ ಹೇಳಿ ಹೊರಟುಬಿಡುತ್ತಾರೆ. ಆ ಹೆಂಗಸು ನನ್ನ ಮುಖ ನೋಡುತ್ತಾಳೆ. ಈಗಿನವರಂತೂ ಮೊಬೈಲಿನಲ್ಲಿ ಸ್ಟೇಟಸ್ ಹಾಕುತ್ತಾರೆ. ನನ್ನ ಸೊಸೆಗೆ ನನ್ನ ಮೇಲೆ ಸಿಟ್ಟು ಬಂದರೆ ಒಂದು ಗುಲಾಬಿ ಹೂವಿನ ಕೆಳಗೆ ನಾಲ್ಕು ಸಾಲು ಬರುತ್ತದೆ, ಯಾರಿಗೆಂದು ಹೆಸರಿರುವುದಿಲ್ಲ. ನಾನು ತಕ್ಷಣ ಫೋನು ಮಾಡಿ, ಗುಲಾಬಿಗಲ್ಲ ಕಣವ್ವ, ನಂಗ್ ಬಯ್ಯಿ ಎನ್ನುತ್ತೇನೆ. ಅವಳಿಗೆ ನನ್ನನ್ನು ಕಂಡರೆ ಭಯ. ಇರಲಿ.

ಅಪ್ಪ, ದೊಡ್ಡಪ್ಪ, ದೊಡ್ಡವ್ವ ಯಾರೂ ಈಗಿಲ್ಲ. ಅವ್ವ ಅದೇ ಮನೆಯಲ್ಲಿ ನನ್ನ ತಮ್ಮ ಮಾದೇವನ ಜೊತೆ ಇದ್ದಾಳೆ. ನೆಲಕ್ಕೆ ಟೈಲ್ಸ್ ಬಂದಿದೆ, ತೊಟ್ಟಿಗೆ ಕಬ್ಬಿಣದ ಜಾಲರಿ ಬಂದಿದೆ, ಕಂಬ ಹಾಗೇ ಇದೆ. ಈ ಸಲದ ಬೇಸಿಗೆಯಲ್ಲಿ ಅವಳಿಗೆ ಊಟ ಸೇರದೆ ಹೋಗಿ, ಮೈಸೂರಿಗೆ ಕರೆದುಕೊಂಡು ಹೋಗಿ ಪರೀಕ್ಷೆಗಳನ್ನೆಲ್ಲ ಮಾಡಿಸಿದೆವು. ರಿಪೋರ್ಟು ತೆಗೆದುಕೊಂಡು ನಾನೇ ಊರಿಗೆ ಬಂದೆ. ಓದಿಕೊಂಡಿದ್ದೆ, ಏನಿದೆಯೆಂದು ಗೊತ್ತಿತ್ತು. ಮಾದೇವ ಬಾಗಿಲಲ್ಲೇ ನನ್ನನ್ನು ತಡೆದ.

"ಅಕ್ಕ, ಅವ್ವುಂಗ್ ಯೋಳ್ಬ್ಯಾಡ. ತಡ್ಕಳಕಿಲ್ಲ."

ಮಧ್ಯಾಹ್ನದ ಊಟದ ಹೊತ್ತು. ಅವ್ವ ಕಂಬದ ಬುಡದಲ್ಲಿ ಚಾಪೆಯ ಮೇಲೆ ಕುಳಿತಿದ್ದಳು. ಮಾದೇವನಿಗೆ ಮುದ್ದೆ ಬಡಿಸಿತ್ತು. ಅವನು ಎರಡು ತುತ್ತು ನುಂಗಿ, ಕಂಬದ ತುದಿ ನೋಡುತ್ತ, ಯಾರಿಗೂ ಅಲ್ಲದ ಹಾಗೆ ಗಟ್ಟಿಯಾಗಿ ಹೇಳಿದ.

"ಏನೂ ಇಲ್ವಂತೆ. ಗ್ಯಾಸ್ಟ್ರಿಕ್ ಅಂತೆ. ಮಾತ್ರೆ ತಕ್ಕಂಡ್ರೆ ಸರೋಯ್ತದಂತೆ."

ಹೇಳಿ, ನನ್ನ ಕೈಲಿದ್ದ ಕವರನ್ನು ಎಡಗೈಯಿಂದ ಎಳೆದು ಟಿ.ವಿ.ಯ ಹಿಂದೆ ಇಟ್ಟ. ಅವ್ವ ಅವನನ್ನು ನೋಡಿದಳು, ಕಂಬವನ್ನು ನೋಡಿದಳು, ಕಡೆಗೆ ನನ್ನನ್ನು ನೋಡಿದಳು. ಎಲುಬು ಮಾತ್ರ ಉಳಿದ ಕೈ ಮುಂದಕ್ಕೆ ಚಾಚಿದಳು.

"ಮಂಗ್ಳಿ, ಆ ಕಾಗ್ದ ನನ್ ಕೈಗ್ ಕೊಡು."

ಅವ್ವನಿಗೆ ಓದಲು ಬರುವುದಿಲ್ಲ. ನಾನು ಟಿ.ವಿ.ಯ ಹಿಂದಿನಿಂದ ಕವರು ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ನೀವಿದಳು. ಮಾದೇವ ಎದ್ದು ನಿಂತಿದ್ದ, ಕೈ ಹೆಗಲ ಟವೆಲಿನ ಮೇಲಿತ್ತು.

"ಎದ್ದೋಗ್ಬ್ಯಾಡ ಮಾದೇವ. ಕುಂತ್ಕ. ತಟ್ಟೇಲಿನ್ನೂ ಮುದ್ದೆ ಅದ," ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿದಳು. "ಈಗ್ ಯೋಳು."

ಮಾದೇವ ಕುಳಿತ. ನಾನು ಅವಳ ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದೆ.